ವಿಮಾನ ಯಾರದ್ದು ಸ್ವಾಮಿ?

ಮುರುಗೇಶಪಾಳ್ಯದ ನಮ್ಮ ಬಾಡಿಗೆ ಮನೆಯ ಟೆರೇಸ್ ಮೇಲೆ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ವಾರಕ್ಕೆ ಮೂರ್ನಾಲ್ಕು ಸಲವಾದರೂ ತಲೆ ಎತ್ತಿ ನೋಡುವ ಹಾಗಾಗುತ್ತದೆ. ಎಚ್‌ಎಎಲ್ ರನ್‌ವೇ ಪಕ್ಕದಲ್ಲೇ ಇದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಟಿಕೆಟ್ ಕೊಂಡು ಹತ್ತುವ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಇಲ್ಲಿ ಉಳಿದದ್ದು ಸೇನೆಯವು, ಎಚ್‌ಎಎಲ್‌ನ ಪರೀಕ್ಷಾ ಹಾರಾಟಗಳು, ವಿವಿಐಪಿಗಳ ವಿಮಾನಗಳು, ಮತ್ತೆ ಈ ಬಿಳಿ ಜೆಟ್‌ಗಳು. ಚೂಪು ಮೂತಿ, ಬಾಲದ ಹತ್ತಿರ ಎರಡು ಎಂಜಿನ್, ಪಕ್ಕಕ್ಕೆ ಆರೇಳು ಕಿಟಕಿ. ಇಳಿದು ಸ್ವಲ್ಪ ಹೊತ್ತಿಗೆ ಓಲ್ಡ್ ಏರ್‌ಪೋರ್ಟ್ ರೋಡಿನ ಟ್ರಾಫಿಕ್ಕಿಗೆ ಒಂದು ಕಪ್ಪು ಕಾರು ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅವರೂ ನಮ್ಮ ಹಾಗೇ. ದೊಮ್ಮಲೂರು ಫ್ಲೈಓವರ್ ಯಾರ ಅಪ್ಪನ ಮನೆಯದೂ ಅಲ್ಲವಲ್ಲ.

ಎರಡು ತಿಂಗಳ ಹಿಂದೆ ಗೆಳೆಯನೊಬ್ಬ ಒಂದು ಸಣ್ಣ ರಿಸೀವರ್ ತಂದುಕೊಟ್ಟ. ಪೆನ್‌ಡ್ರೈವ್ ಗಾತ್ರದ ಡಾಂಗಲ್, ಗೇಣುದ್ದದ ಆಂಟೆನಾ, ಒಂದು ಹಳೇ ಲ್ಯಾಪ್‌ಟಾಪ್. ಇಷ್ಟಿದ್ದರೆ ತಲೆ ಮೇಲೆ ಹೋಗುವ ವಿಮಾನ ತಾನೇ ತನ್ನ ಬಗ್ಗೆ ಕೂಗಿ ಹೇಳಿಕೊಳ್ಳುವುದು ಕೇಳಿಸುತ್ತದೆ. ಅಂದಿನಿಂದ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ದಿನ, ಹೊತ್ತು, 'ವಿಟಿ' ಅಂತ ಶುರುವಾಗುವ ನೋಂದಣಿ ಅಕ್ಷರ. ಆಮೇಲೆ ಕೂತು ಅದು ಯಾರ ಹೆಸರಲ್ಲಿದೆ ಅಂತ ಹುಡುಕುತ್ತೇನೆ. ಇಲ್ಲೇ ನನಗೆ ಈ ಬರಹದ ವಿಷಯ ಸಿಕ್ಕಿದ್ದು. ಇಷ್ಟು ದಿನದಲ್ಲಿ ಒಂದೇ ಒಂದು ಜೆಟ್ ಕೂಡ ಮನುಷ್ಯನ ಹೆಸರಲ್ಲಿ ಇರಲಿಲ್ಲ. ಎಲ್ಲ ಕಂಪನಿಗಳು. ಏವಿಯೇಷನ್ ಪ್ರೈವೇಟ್ ಲಿಮಿಟೆಡ್, ಇನ್‌ಫ್ರಾ, ಲೀಸಿಂಗ್, ಹೋಲ್ಡಿಂಗ್ಸ್.

ಶ್ರೀಮಂತರ ಖಾಸಗಿ ಜೆಟ್ ಬಗ್ಗೆ ಮಾತು ಬಂದಾಗ ನಾವು ನೋಡುವುದು ಚಿನ್ನದ ನಲ್ಲಿ, ಹಾಸಿಗೆ, ಶಾಂಪೇನು. ಸುದ್ದಿ ಚಾನೆಲ್‌ಗಳೂ ಅದನ್ನೇ ತೋರಿಸುತ್ತವೆ. ನನಗೆ ಅನ್ನಿಸುವುದು, ಜೆಟ್‌ನಲ್ಲಿ ನಿಜವಾದ ಐಷಾರಾಮ ಇರುವುದು ಅದರ ಕಾಗದಪತ್ರದಲ್ಲಿ. ಒಳಗೆ ಕೂರುವವರು ಒಬ್ಬರು, ಕಾಗದದ ಮೇಲೆ ಮಾಲೀಕರು ಇನ್ನೊಬ್ಬರು, ಬಿಲ್ ಕಟ್ಟುವವರು ಮತ್ತೊಬ್ಬರು. ಈ ಮೂರನ್ನು ಬೇರೆ ಬೇರೆ ಇಡುವ ಜಾಣತನ ಇಲ್ಲದಿದ್ದರೆ ಈ ಜೆಟ್‌ಗಳಲ್ಲಿ ಎಷ್ಟೋ ಹಾರುತ್ತಲೇ ಇರಲಿಲ್ಲ.

ನಮ್ಮೂರಿನದೇ ಒಂದು ಕಥೆ ತಗೊಳ್ಳೋಣ. ವಿಜಯ್ ಮಲ್ಯ ಓಡಾಡುತ್ತಿದ್ದ ಏರ್‌ಬಸ್ ಎ319. ನೂರಿಪ್ಪತ್ತು ನೂರಮೂವತ್ತು ಜನ ಕೂರಬಹುದಾದ ವಿಮಾನವನ್ನು ಇಪ್ಪತ್ತೈದು ಜನಕ್ಕೆ ಅಂತ ಮಾಡಿಸಿಕೊಂಡಿದ್ದರು. ಒಳಗೆ ಬೆಡ್‌ರೂಮು, ಬಾರು. ಮೈಮೇಲೆ ವಿಟಿ-ವಿಜೆಎಂ ಅನ್ನುವ ಅಕ್ಷರ, ಅಂದರೆ ಯಾರದ್ದು ಅಂತ ಕೇಳುವ ಅಗತ್ಯವೇ ಇಲ್ಲದ ಹಾಗೆ ಬರೆಸಿದ್ದರು. ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಆ ಕಂಪನಿ ಪ್ರಯಾಣಿಕರ ಟಿಕೆಟ್‌ನಲ್ಲಿ ಸೇವಾ ತೆರಿಗೆ ಅಂತ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟದೇ ಉಳಿಸಿಕೊಂಡಿದ್ದ ಬಾಕಿಯೇ ನೂರಾರು ಕೋಟಿ. ಆ ಬಾಕಿಗೆ ಸೇವಾ ತೆರಿಗೆ ಇಲಾಖೆ ಈ ವಿಮಾನವನ್ನು ಮುಂಬೈ ನಿಲ್ದಾಣದಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆಗ ಬಂತು ನೋಡಿ ಪ್ರಶ್ನೆ. ತೆರಿಗೆದಾರರ ಸ್ವರ್ಗ ಅನ್ನಿಸಿಕೊಂಡ ಕೇಮನ್ ದ್ವೀಪದ ಒಂದು ಲೀಸಿಂಗ್ ಕಂಪನಿ, ವಿಮಾನ ನಮ್ಮದು, ಕಿಂಗ್‌ಫಿಶರ್‌ಗೆ ಬರೀ ಲೀಸಿಗೆ ಕೊಟ್ಟದ್ದು ಅಂತ ಬಾಂಬೆ ಹೈಕೋರ್ಟಿಗೆ ಹೋಯಿತು. ಮೈಮೇಲೆ ಹೆಸರು ಬರೆಸಿಕೊಂಡಿದ್ದ ವಿಮಾನವೂ ಕೊನೆಗೆ ಕಾಗದದಲ್ಲಿ ಬೇರೆಯವರದ್ದು!

ಆಮೇಲೆ ನಡೆದ ಹರಾಜು ಇನ್ನೂ ಚೆನ್ನಾಗಿದೆ. ಮೊದಲಿಗೆ ಇಲಾಖೆ ಇಟ್ಟ ಕನಿಷ್ಠ ಬೆಲೆ 152 ಕೋಟಿ. ಕೊಳ್ಳುವವರು ಬರಲಿಲ್ಲ. 2016ರಲ್ಲಿ ಬಂದ ದೊಡ್ಡ ಬಿಡ್ 1.09 ಕೋಟಿ ರೂಪಾಯಿ. ಹೌದು, ಇಂದಿರಾನಗರದಲ್ಲಿ ಒಂದು ಫ್ಲ್ಯಾಟಿನ ದುಡ್ಡೂ ಅಲ್ಲ. ಕಡೆಗೆ 2018ರಲ್ಲಿ ಅಮೆರಿಕದ ಒಂದು ಕಂಪನಿ ಸುಮಾರು 35 ಕೋಟಿಗೆ ತಗೊಂಡಿತು. ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಅಂತಾರೆ. ವಿಮಾನಕ್ಕೆ ಈ ಗಾದೆ ಹೊಂದುವುದಿಲ್ಲ. ನಿಂತ ವಿಮಾನ ದಿನದಿನಕ್ಕೂ ಸಾಯುತ್ತದೆ. ಎಂಜಿನ್, ಚಕ್ರದ ಗೇರು, ರಬ್ಬರ್ ಸೀಲು, ಬ್ಯಾಟರಿ, ಪ್ರತಿಯೊಂದಕ್ಕೂ ಹಾರಾಟದ ಗಂಟೆ ಲೆಕ್ಕದಲ್ಲಿ ಅಷ್ಟೇ ಅಲ್ಲ, ತಿಂಗಳ ಲೆಕ್ಕದಲ್ಲೂ ತಪಾಸಣೆ ಇರುತ್ತದೆ. ಅದು ತಪ್ಪಿದರೆ, ದಾಖಲೆ ಪುಸ್ತಕದಲ್ಲಿ ನಾಲ್ಕು ಸಹಿ ಇಲ್ಲದಿದ್ದರೆ, ಆ ವಿಮಾನ ಎಷ್ಟೇ ಹೊಳೆಯಲಿ, ಕೊಳ್ಳುವವನ ಕಣ್ಣಿಗೆ ಬಿಡಿಭಾಗದ ರಾಶಿ. ಮುಂಬೈ ಮಳೆ, ಸಮುದ್ರದ ಉಪ್ಪು ಗಾಳಿ ಬೇರೆ.

ಅಂದರೆ ಜೆಟ್ ಕೊಳ್ಳುವುದು ಸುಲಭದ ಭಾಗ. ಸಾಕುವುದು ಕಷ್ಟ. ಬೊಂಬಾರ್ಡಿಯರ್ ಗ್ಲೋಬಲ್ 7500 ಅಥವಾ ಗಲ್ಫ್‌ಸ್ಟ್ರೀಮ್ ಜಿ700 ತರಹದ ದೊಡ್ಡ ಜೆಟ್ ಹೊಸದು ಬೇಕಂದರೆ ಏಳೂವರೆ ಕೋಟಿ ಡಾಲರ್ ಆಸುಪಾಸು. ನಮ್ಮ ಲೆಕ್ಕದಲ್ಲಿ 600 ಕೋಟಿ ದಾಟುತ್ತದೆ. ಬೆಂಗಳೂರಿಂದ ಹೊರಟರೆ ನಡುವೆ ಎಲ್ಲೂ ಇಳಿಯದೇ 14 ಸಾವಿರ ಕಿಲೋಮೀಟರ್ ಹೋಗಬಲ್ಲ ಯಂತ್ರ ಅದು. ಇನ್ನೂ ಮೇಲೆ ಹೋದರೆ ಪ್ರಯಾಣಿಕರ ವಿಮಾನವನ್ನೇ ಬಂಗಲೆ ಮಾಡಿಕೊಳ್ಳುವವರಿದ್ದಾರೆ. ಮುಕೇಶ್ ಅಂಬಾನಿಯವರಿಗೆ 2024ರಲ್ಲಿ ಬಂತೆಂದು ವರದಿಯಾದ ಬೋಯಿಂಗ್ 737 ಮ್ಯಾಕ್ಸ್ 9ಕ್ಕೆ ಸುಮಾರು ಸಾವಿರ ಕೋಟಿ ಅಂತ ಪತ್ರಿಕೆಗಳು ಬರೆದವು. ಇದರ ಮೇಲೆ ಪೈಲಟ್‌ಗಳ ಸಂಬಳ, ಅವರಿಗೆ ವರ್ಷ ವರ್ಷ ಸಿಮ್ಯುಲೇಟರ್ ತರಬೇತಿ, ಹ್ಯಾಂಗರ್ ಬಾಡಿಗೆ, ವಿಮೆ, ಎಂಜಿನ್‌ಗೆ ಗಂಟೆ ಲೆಕ್ಕದಲ್ಲಿ ತೆಗೆದಿಡುವ ದುಡ್ಡು. ಜೆಟ್ ಹಾರಲಿ ಬಿಡಲಿ, ಇವುಗಳಲ್ಲಿ ಬಹುಪಾಲು ಕಟ್ಟಲೇಬೇಕು. ವರ್ಷಕ್ಕೆ ಇನ್ನೂರು ಗಂಟೆ ಹಾರುವವರಿಗೆ ಲೆಕ್ಕ ಹಾಕಿ ನೋಡಿದರೆ ಬಾಡಿಗೆಗೆ ತಗೊಳ್ಳುವುದೇ ಎಷ್ಟೋ ಸಲ ಅಗ್ಗ. ಆದರೂ ಕೊಳ್ಳುತ್ತಾರೆ. ಯಾಕೆ?

ಒಂದು ಕಾರಣ ಅಮೆರಿಕದ ತೆರಿಗೆ ಕಾನೂನಿನಲ್ಲಿ ಸಿಗುತ್ತದೆ. ಜಗತ್ತಿನ ಖಾಸಗಿ ಜೆಟ್‌ಗಳಲ್ಲಿ ಮೂರನೇ ಎರಡರಷ್ಟು ಅಲ್ಲೇ ನೋಂದಣಿಯಾಗಿರುವುದು, ಹಾಗಾಗಿ ಅಲ್ಲಿಂದಲೇ ನೋಡುವುದು ಸರಿ. ಕಾರ್ಖಾನೆಗೆ ಯಂತ್ರ ಕೊಂಡರೆ ಅದರ ಸವಕಳಿಯನ್ನು ನಾಲ್ಕಾರು ವರ್ಷ ಸ್ವಲ್ಪ ಸ್ವಲ್ಪವೇ ಖರ್ಚು ಅಂತ ತೋರಿಸುವುದು ಎಲ್ಲ ಕಡೆ ಇರುವ ಪದ್ಧತಿ. 2017ರ ತೆರಿಗೆ ಕಾನೂನು ಏನು ಮಾಡಿತೆಂದರೆ, ವ್ಯವಹಾರಕ್ಕೆ ಕೊಂಡ ಜೆಟ್‌ನ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಖರ್ಚು ಅಂತ ಬರೆಯಬಹುದು ಅಂತು. ಸೆಕೆಂಡ್ ಹ್ಯಾಂಡ್ ಜೆಟ್‌ಗೂ ಇದು ಸಲ್ಲುತ್ತದೆ. ಏಳೂವರೆ ಕೋಟಿ ಡಾಲರ್ ಜೆಟ್, ಕಂಪನಿ ತೆರಿಗೆ ಶೇ 21, ಅಂದರೆ ಆ ವರ್ಷದ ತೆರಿಗೆಯಲ್ಲಿ ಒಂದೂವರೆ ಕೋಟಿ ಡಾಲರ್‌ಗೂ ಜಾಸ್ತಿ ಕೈಯಲ್ಲೇ ಉಳಿಯಿತು. ಇದು ಮಾಫಿ ಅಲ್ಲ, ಮುಂದೂಡಿಕೆ ಅಂತ ಲೆಕ್ಕಿಗರು ಹೇಳುತ್ತಾರೆ, ಮಾರುವಾಗ ಬರುವ ದುಡ್ಡಿಗೆ ತೆರಿಗೆ ಬೀಳುತ್ತದೆ ಅಂತ. ಸರಿ. ಆದರೆ ಮಾರಿದ ವರ್ಷವೇ ಇನ್ನೂ ದೊಡ್ಡದು ಕೊಂಡರೆ? ಮತ್ತೆ ಮುಂದೂಡಿಕೆ. ಈ ರಿಯಾಯಿತಿ 2023ರಿಂದ ವರ್ಷಕ್ಕಿಷ್ಟು ಅಂತ ಇಳಿಯುತ್ತಾ ಬಂದಿತ್ತು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಕಾನೂನು ಅದನ್ನು ಮತ್ತೆ ಶೇ 100ಕ್ಕೆ ತಂದು ಕೂರಿಸಿತು.

ಇದಕ್ಕೊಂದು ಷರತ್ತಿದೆ. ಅರ್ಧಕ್ಕಿಂತ ಹೆಚ್ಚು ವ್ಯವಹಾರಕ್ಕೇ ಬಳಸಿರಬೇಕು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೀಚಿಗೆ ಹೋದರೆ ಅದು ಸ್ವಂತ ಬಳಕೆ, ಅದರ ಬೆಲೆಯನ್ನು ಆ ಅಧಿಕಾರಿಯ ಆದಾಯಕ್ಕೆ ಸೇರಿಸಿ ತೆರಿಗೆ ಹಾಕಬೇಕು. ಬೆಲೆ ಹೇಗೆ ಕಟ್ಟುವುದು? ಅಲ್ಲೊಂದು ಸರ್ಕಾರಿ ಸೂತ್ರ ಇದೆ. ಅದರಲ್ಲಿ ಬರುವ ಮೊತ್ತ ವಿಮಾನದ ನಿಜವಾದ ಖರ್ಚಿನ ಹತ್ತಿರವೂ ಸುಳಿಯುವುದಿಲ್ಲ, ಹೆಚ್ಚುಕಮ್ಮಿ ದುಬಾರಿ ಟಿಕೆಟ್ಟಿನ ದರ. ಜೆಟ್ ಹಾರಿಸಲು ಲಕ್ಷ ಡಾಲರ್ ಹೋಗಿರಬಹುದು, ಸಾಹೇಬರ ಆದಾಯಕ್ಕೆ ಸೇರುವುದು ಕೆಲವು ಸಾವಿರ. ಉಳಿದದ್ದು ಯಾರ ಲೆಕ್ಕದಿಂದ ಹೋಯಿತು? ಶೇರುದಾರರದ್ದು. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಲ್ಲಿನ ತೆರಿಗೆ ಇಲಾಖೆ 2024ರ ಫೆಬ್ರುವರಿಯಲ್ಲಿ ಕಂಪನಿ ಜೆಟ್‌ಗಳ ಸ್ವಂತ ಬಳಕೆಯನ್ನೇ ಗುರಿ ಮಾಡಿಕೊಂಡು ತಪಾಸಣೆ ಶುರು ಮಾಡುತ್ತೇವೆ ಅಂತ ಘೋಷಿಸಿತ್ತು, ಅಂದರೆ ಅವರಿಗೂ ಗೊತ್ತಿದೆ.

ಕಂಪನಿ ಜೆಟ್ ನೋಡಿ ಸಂಸದರಿಗೇ ಕೋಪ ಬಂದ ಒಂದು ದಿನ ಚರಿತ್ರೆಯಲ್ಲಿದೆ. 2008ರ ನವೆಂಬರ್. ಜಿಎಂ, ಫೋರ್ಡ್, ಕ್ರೈಸ್ಲರ್, ಮೂರೂ ಕಾರು ಕಂಪನಿಗಳ ಮುಖ್ಯಸ್ಥರು ಮುಳುಗುತ್ತಿದ್ದೇವೆ, ಸಾರ್ವಜನಿಕರ ದುಡ್ಡು ಕೊಟ್ಟು ಕಾಪಾಡಿ ಅಂತ ಕೇಳಲು ವಾಷಿಂಗ್ಟನ್ನಿಗೆ ಬಂದರು. ಮೂವರೂ ಡೆಟ್ರಾಯಿಟ್‌ನಿಂದ ಮೂರು ಬೇರೆ ಬೇರೆ ಕಂಪನಿ ಜೆಟ್‌ನಲ್ಲಿ! ಸಂಸದರು ಬಿಡಲಿಲ್ಲ. ಮುಂದಿನ ತಿಂಗಳು ಮತ್ತೆ ಬರುವಾಗ ಅದೇ ಮೂವರು ಎಂಟುನೂರು ಕಿಲೋಮೀಟರ್‌ಗೂ ಜಾಸ್ತಿ ದೂರವನ್ನು ತಮ್ಮ ತಮ್ಮ ಕಂಪನಿಯ ಹೈಬ್ರಿಡ್ ಕಾರಿನಲ್ಲಿ ಬಂದರು. ಅಮೆರಿಕದ ದೊಡ್ಡ ಹೂಡಿಕೆದಾರ ವಾರನ್ ಬಫೆಟ್ ಈ ವಿಷಯದಲ್ಲಿ ಸ್ವಲ್ಪ ಪ್ರಾಮಾಣಿಕ. ಕಂಪನಿ ಜೆಟ್‌ಗಳನ್ನು ವರ್ಷಗಟ್ಟಲೆ ಟೀಕಿಸಿ, ಆಮೇಲೆ ತಾನೇ ಒಂದು ಕೊಂಡು, ಅದಕ್ಕೆ 'ಸಮರ್ಥಿಸಿಕೊಳ್ಳಲು ಆಗದ್ದು' ಅನ್ನುವ ಅರ್ಥದ ಹೆಸರಿಟ್ಟರು. ಕೆಲವು ವರ್ಷಕ್ಕೆ ಆ ಹೆಸರು 'ಇಲ್ಲದೇ ಆಗದ್ದು' ಅಂತ ಬದಲಾಯಿತು. 1998ರಲ್ಲಂತೂ ಒಂದೇ ಜೆಟ್‌ನಲ್ಲಿ ಹಲವರಿಗೆ ಪಾಲು ಮಾರುವ ನೆಟ್‌ಜೆಟ್ಸ್ ಕಂಪನಿಯನ್ನೇ ಕೊಂಡುಬಿಟ್ಟರು. ನಮ್ಮ ಕಡೆ ತೋಟದ ಬಾವಿ ನೀರನ್ನು ಅಣ್ಣತಮ್ಮಂದಿರು ಸರದಿಯ ಮೇಲೆ ಹಾಯಿಸಿಕೊಳ್ಳುವುದಿಲ್ಲವೇ, ಹಾಗೆ. ಹದಿನಾರರಲ್ಲಿ ಒಂದು ಪಾಲು ಕೊಂಡರೆ ವರ್ಷಕ್ಕೆ ಇಂತಿಷ್ಟು ಗಂಟೆ.

ಈಗ ನಮ್ಮ ದೇಶಕ್ಕೆ ಬನ್ನಿ. 2007ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ ಖಾಸಗಿಯವರು ತರಿಸಿಕೊಳ್ಳುವ ವಿಮಾನ, ಹೆಲಿಕಾಪ್ಟರ್‌ಗೆ ಆಮದು ಸುಂಕ ಹಾಕಿದರು. ಎಲ್ಲ ಸೇರಿ ಸುಮಾರು ಶೇ 25. ವೇಳಾಪಟ್ಟಿ ಪ್ರಕಾರ ಹಾರುವ ಏರ್‌ಲೈನ್‌ಗಳಿಗೆ ವಿನಾಯಿತಿ ಇತ್ತು. ಎರಡೇ ತಿಂಗಳು ಕಳೆದು ಮೇ 3ಕ್ಕೆ ಇನ್ನೊಂದು ಅಧಿಸೂಚನೆ ಬಂತು. ವೇಳಾಪಟ್ಟಿ ಇಲ್ಲದೆ ಬಾಡಿಗೆಗೆ ಹಾರಿಸುವ ಚಾರ್ಟರ್ ಕಂಪನಿಗಳಿಗೂ ವಿನಾಯಿತಿ ಅಂತ. ಉದ್ದೇಶ ಕೆಟ್ಟದ್ದಲ್ಲ, ಚಾರ್ಟರ್ ಕೂಡ ಒಂದು ವ್ಯಾಪಾರವೇ. ಆದರೆ ಇದರ ಫಲ ಏನಾಗಬಹುದು ಅಂತ ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ದೊಡ್ಡ ಉದ್ಯಮದ ಮನೆಯವರು ಒಂದು ಚಾರ್ಟರ್ ಕಂಪನಿ ತೆರೆದರು. ಆ ಕಂಪನಿ ಸುಂಕವಿಲ್ಲದೆ ಜೆಟ್ ತರಿಸಿತು. ಆಮೇಲೆ ಅದೇ ಮನೆಯ ಬೇರೆ ಕಂಪನಿಗಳು ಅದನ್ನು ಬಾಡಿಗೆಗೆ ತಗೊಂಡವು. ಎಡಗೈಯಿಂದ ಬಲಗೈಗೆ ಬಾಡಿಗೆ.

ಇದು ಚಾರ್ಟರ್ ಹೌದೋ ಅಲ್ಲವೋ? ಕಸ್ಟಮ್ಸ್‌ನವರು ಅಲ್ಲ ಅಂದರು, ನೋಟಿಸ್ ಕೊಟ್ಟರು, ಕೇಸುಗಳು ವರ್ಷಗಟ್ಟಲೆ ಎಳೆದವು. ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್‌ನ ಪ್ರಕರಣ ಇಂಥದ್ದೇ. ನಮ್ಮ ಕಡೆ ಲಾರಿ, ಬಸ್ಸಿನ ಮೇಲೆ ಓದುವ ಅದೇ ಹೆಸರು. ಸುಂಕ ನ್ಯಾಯಮಂಡಳಿಯ ವಿಸ್ತೃತ ಪೀಠ 2022ರಲ್ಲಿ ಕಂಪನಿಯ ವಾದಕ್ಕೆ ಅನುಕೂಲವಾಗಿ ಹೇಳಿತು. ಚಾರ್ಟರ್ ಪರ್ಮಿಟ್‌ನ ಷರತ್ತು ಮುರಿದಿದೆಯೇ ಅಂತ ನೋಡಬೇಕಾದದ್ದು ಪರ್ಮಿಟ್ ಕೊಟ್ಟ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಕಸ್ಟಮ್ಸ್ ತಾನೇ ತೀರ್ಮಾನ ಮಾಡಿಕೊಳ್ಳುವ ಹಾಗಿಲ್ಲ ಅನ್ನುವುದು ಅದರ ಸಾರ. ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ಮಾತೇ. ನನ್ನ ತಕರಾರು ತೀರ್ಪಿನ ಮೇಲಲ್ಲ, ಆ ವಿನಾಯಿತಿ ಬರೆದವರ ಮೇಲೆ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟು ಹೋದವರು ಅವರು.

ಈಗಲೂ ಕಥೆ ಅದೇ ದಾರಿಯಲ್ಲಿದೆ. ಸ್ವಂತಕ್ಕೆ ಕೊಳ್ಳುವ ವಿಮಾನಕ್ಕೆ ಜಿಎಸ್‌ಟಿ ಶೇ 28, ಮೇಲೆ ಶೇ 3 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಪಾನ್ ಮಸಾಲ, ಐಷಾರಾಮಿ ಕಾರು, ವಿಲಾಸಿ ದೋಣಿಗಳ ಸಾಲಿಗೆ ವಿಮಾನವನ್ನೂ ಸೇರಿಸಿದರು. ಪತ್ರಿಕೆಗಳಲ್ಲಿ 'ಶ್ರೀಮಂತರಿಗೆ ಬರೆ' ಅಂತ ಬಂತು. ಆದರೆ ಸ್ವಂತ ಬಳಕೆಯದ್ದಲ್ಲದ ವಿಮಾನಕ್ಕೆ ದರ ಎಷ್ಟು ಗೊತ್ತೇ? ಶೇ 5. ನಲವತ್ತಕ್ಕೂ ಐದಕ್ಕೂ ನಡುವೆ ಇರುವುದು ಒಂದು ಪರ್ಮಿಟ್. 300 ಕೋಟಿಯ ಜೆಟ್‌ಗೆ ಲೆಕ್ಕ ಹಾಕಿ, ವ್ಯತ್ಯಾಸ 105 ಕೋಟಿ. ಆ ದುಡ್ಡಿಗೆ ಎಷ್ಟು ಒಳ್ಳೆಯ ಲಾಯರು, ಆಡಿಟರು ಸಿಗುತ್ತಾರೆ ಅಂತ ನೀವೇ ಯೋಚಿಸಿ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ವಿಮಾನ ಲೀಸಿಂಗ್‌ಗೆ ಅಂತಲೇ ತೆರಿಗೆ ಸವಲತ್ತು ಕೊಟ್ಟಿದ್ದಾರೆ, ಬಿಸಿನೆಸ್ ಜೆಟ್‌ಗಳೂ ಆ ದಾರಿಯಲ್ಲಿ ಬರತೊಡಗಿವೆ. ಕೇಮನ್‌ಗೆ ಹೋಗುವ ತಾಪತ್ರಯ ತಪ್ಪಿತು, ಸ್ವದೇಶಿ.

ಹೊರದೇಶದ ಕಾಗದದ ಆಟಗಳನ್ನು ಪೂರ್ತಿ ಬರೆಯಲು ಹೋದರೆ ಇದು ಮುಗಿಯುವುದಿಲ್ಲ. ಎರಡು ಹೇಳಿಬಿಡುತ್ತೇನೆ. 2017ರಲ್ಲಿ ಸೋರಿಕೆಯಾದ ಪ್ಯಾರಡೈಸ್ ಪೇಪರ್ಸ್ ಅನ್ನುವ ದಾಖಲೆಗಳಲ್ಲಿ ಫಾರ್ಮುಲಾ ಒನ್ ಓಟಗಾರ ಲೂಯಿಸ್ ಹ್ಯಾಮಿಲ್ಟನ್ ಜೆಟ್ ವಿಷಯ ಹೊರಬಂತು. 1.65 ಕೋಟಿ ಪೌಂಡಿನ ಕೆಂಪು ಜೆಟ್. ಐಲ್ ಆಫ್ ಮ್ಯಾನ್ ಅನ್ನುವ ಪುಟ್ಟ ದ್ವೀಪದಲ್ಲಿ ಲೀಸಿಂಗ್ ಕಂಪನಿ ಮಾಡಿ, ಅಲ್ಲಿಗೆ ಜೆಟ್ ತಂದು, 33 ಲಕ್ಷ ಪೌಂಡ್ ವ್ಯಾಟ್ ವಾಪಸ್ ಪಡೆಯಲಾಗಿತ್ತು. ಎಲ್ಲವೂ ಕಾನೂನಿನ ಪ್ರಕಾರವೇ ಆಗಿದೆ ಅಂತ ಅವರ ಕಡೆಯವರು ಹೇಳಿದರು. ಅದೇ ನೋಡಿ ವಿಷಯ, ಕಾನೂನಿನ ಪ್ರಕಾರವೇ ಆಗುತ್ತದೆ. ಇನ್ನೊಂದು ಇನ್ನೂ ಮಜವಾಗಿದೆ. 2014ರ ಏಪ್ರಿಲ್‌ನಲ್ಲಿ ಇರಾನಿನ ಟೆಹರಾನ್ ನಿಲ್ದಾಣದಲ್ಲಿ ಬಾಲದ ಮೇಲೆ ಅಮೆರಿಕದ ಬಾವುಟ ಇರುವ ಒಂದು ಜೆಟ್ ನಿಂತಿತ್ತು. ಎರಡು ದೇಶಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ, ಹಾಗಾಗಿ ಗದ್ದಲ ಎದ್ದಿತು. ನೋಂದಣಿ ನೋಡಿದರೆ ಮಾಲೀಕರು ಬ್ಯಾಂಕ್ ಆಫ್ ಯೂಟಾ. ಬ್ಯಾಂಕಿನವರು, ನಾವು ಹೆಸರಿಗೆ ಮಾತ್ರ ಟ್ರಸ್ಟಿ, ವಿಮಾನ ಅಲ್ಲಿಗೆ ಯಾಕೆ ಹೋಯಿತೋ ನಮಗೆ ಗೊತ್ತಿಲ್ಲ ಅಂದರು. ಕೊನೆಗೆ ಅದನ್ನು ನಡೆಸುತ್ತಿದ್ದದ್ದು ಆಫ್ರಿಕಾದ ಘಾನಾ ದೇಶದ ಒಂದು ಗಣಿ ಗುತ್ತಿಗೆ ಕಂಪನಿ ಅಂತ ಗೊತ್ತಾಯಿತು. ಅಮೆರಿಕದ ಪ್ರಜೆ ಅಲ್ಲದವರು ಅಲ್ಲಿ ವಿಮಾನ ನೋಂದಾಯಿಸಬೇಕಂದರೆ ಇಂಥ ಟ್ರಸ್ಟ್ ಮೂಲಕ ಹೋಗುವುದು ಮಾಮೂಲು, ಎನ್ ಅಕ್ಷರದಿಂದ ಶುರುವಾಗುವ ಅಲ್ಲಿನ ನೋಂದಣಿಗೆ ಮಾರುಕಟ್ಟೆಯಲ್ಲಿ ಬೆಲೆ ಜಾಸ್ತಿ. ಅದು ಬೇಡವಾದರೆ ಸಾನ್ ಮರೀನೊ ಇದೆ, ಅರೂಬಾ ಇದೆ, ಕೇಮನ್ ಇದೆ. ಇಟಲಿಯ ನಡುವೆ ಸಿಕ್ಕಿಕೊಂಡಿರುವ ಸಾನ್ ಮರೀನೊ ದೇಶದ ಜನಸಂಖ್ಯೆ ನಮ್ಮ ಒಂದು ಬಡಾವಣೆಯಷ್ಟು. ಅಲ್ಲಿ ಜೆಟ್ ಇಳಿಯುವ ವಿಮಾನ ನಿಲ್ದಾಣವೇ ಇಲ್ಲ, ಜೆಟ್‌ಗಳ ನೋಂದಣಿ ಮಾತ್ರ ಜೋರು.

ಇಷ್ಟೆಲ್ಲ ಮುಚ್ಚಟೆಯಿಂದ ಕಟ್ಟಿದ ಗೋಡೆಗೆ ಕನ್ನ ಕೊರೆದದ್ದು ಹುಡುಗರ ಹವ್ಯಾಸ. ಮೇಲೆ ಹೇಳಿದೆನಲ್ಲ, ವಿಮಾನ ತನ್ನ ಬಗ್ಗೆ ತಾನೇ ಕೂಗುತ್ತದೆ ಅಂತ. ಎಡಿಎಸ್-ಬಿ ಅನ್ನುವ ವ್ಯವಸ್ಥೆ ಅದು. ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಅಂತ ಪ್ರತಿ ವಿಮಾನ ತಾನೆಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ವೇಗ ಅಂತ ಸೆಕೆಂಡಿಗೆ ಒಂದೆರಡು ಸಲ 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಲೇ ಇರುತ್ತದೆ. ಇದಕ್ಕೆ ಗುಟ್ಟಿನ ಸಂಕೇತ ಏನಿಲ್ಲ, ಯಾರು ಬೇಕಾದರೂ ಕೇಳಬಹುದು. ಜ್ಯಾಕ್ ಸ್ವೀನಿ ಅನ್ನುವ ಅಮೆರಿಕದ ಕಾಲೇಜು ಹುಡುಗ ಇದನ್ನೇ ಹಿಡಿದು ಇಲಾನ್ ಮಸ್ಕ್ ಜೆಟ್ ಎಲ್ಲಿ ಇಳಿಯಿತು ಅಂತ ಟ್ವಿಟರ್‌ನಲ್ಲಿ ಹಾಕುತ್ತಿದ್ದ. ಮಸ್ಕ್ 5 ಸಾವಿರ ಡಾಲರ್ ಕೊಡುತ್ತೇನೆ ನಿಲ್ಲಿಸು ಅಂದರು. ಇವನು 50 ಸಾವಿರ ಕೇಳಿದ. ಚೌಕಾಸಿ ಮುರಿದುಬಿತ್ತು. ಮಸ್ಕ್ ಟ್ವಿಟರ್ ಅನ್ನೇ ಕೊಂಡರು, 2022ರ ಡಿಸೆಂಬರ್‌ನಲ್ಲಿ ಆ ಖಾತೆ ಬಂದ್ ಆಯಿತು.

ಗಾಯಕಿ ಟೇಲರ್ ಸ್ವಿಫ್ಟ್ ಜೆಟ್ 2022ರ ಮೊದಲ ಏಳು ತಿಂಗಳೊಳಗೆ 170 ಸಲ ಹಾರಿದೆ ಅಂತ ಲೆಕ್ಕ ಬಂದಾಗ ಅವರ ಕಡೆಯವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಆ ಜೆಟ್ ಬೇರೆಯವರಿಗೂ ಆಗಾಗ ಕೊಡುತ್ತಾರೆ, ಎಲ್ಲ ಪ್ರಯಾಣವನ್ನೂ ಅವರ ತಲೆಗೆ ಕಟ್ಟಬೇಡಿ ಅಂತ. ನಿಜವೇ ಇರಬಹುದು. ಆದರೆ ನೋಡಿ, ಜೆಟ್ ತೋರಿಸುವ ಯಂತ್ರಕ್ಕೆ ಒಳಗಿರುವ ಮನುಷ್ಯ ಕಾಣುವುದಿಲ್ಲ. ಎಲ್‌ವಿಎಂಎಚ್ ಅನ್ನುವ ಐಷಾರಾಮಿ ಸರಕಿನ ಸಾಮ್ರಾಜ್ಯದ ಬರ್ನಾರ್ಡ್ ಆರ್ನೊ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. 2022ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ರೇಡಿಯೋದಲ್ಲಿ ನೇರವಾಗಿ ಹೇಳಿದರು, ಕಂಪನಿಯ ಜೆಟ್ ಮಾರಿದ್ದೇವೆ, ಈಗ ಬಾಡಿಗೆಗೆ ತಗೊಳ್ಳುತ್ತೇನೆ, ನಾನು ಎಲ್ಲಿಗೆ ಹೋಗುತ್ತೇನೆ ಅಂತ ಯಾರಿಗೂ ಕಾಣುವುದಿಲ್ಲ ಅಂತ. ಜೆಟ್ ಬಿಟ್ಟರು ಅಂತ ಮೊದಲು ಖುಷಿಪಟ್ಟವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಮೆರಿಕದಲ್ಲಂತೂ 2024ರ ಕಾನೂನಿನ ಪ್ರಕಾರ ಮಾಲೀಕರು ಕೇಳಿಕೊಂಡರೆ ನೋಂದಣಿ ಪುಸ್ತಕದಲ್ಲಿ ಅವರ ಹೆಸರು, ವಿಳಾಸವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ.

ಹೊಗೆಯ ಲೆಕ್ಕ ಹೇಳದಿದ್ದರೆ ತಪ್ಪಾಗುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಒಂದು ಅಧ್ಯಯನ 2019ರಿಂದ 2023ರವರೆಗೆ ಸುಮಾರು 26 ಸಾವಿರ ಖಾಸಗಿ ವಿಮಾನಗಳ 1.87 ಕೋಟಿ ಹಾರಾಟಗಳನ್ನು ಇದೇ ಎಡಿಎಸ್-ಬಿ ಮೂಲಕ ಹಿಡಿದು ಲೆಕ್ಕ ಹಾಕಿತು. 2023ರಲ್ಲಿ 1.56 ಕೋಟಿ ಟನ್ ಇಂಗಾಲದ ಡೈಆಕ್ಸೈಡ್, ನಾಲ್ಕು ವರ್ಷದಲ್ಲಿ ಶೇ 46 ಏರಿಕೆ. ನನಗೆ ಕಣ್ಣಿಗೆ ಬಿದ್ದದ್ದು ಬೇರೆ ಸಂಖ್ಯೆ. ಹತ್ತಿರ ಹತ್ತಿರ ಅರ್ಧದಷ್ಟು ಹಾರಾಟಗಳು 500 ಕಿಲೋಮೀಟರ್‌ಗಿಂತ ಕಮ್ಮಿ ದೂರದವು. ಬೆಂಗಳೂರಿಂದ ಬೆಳಗಾವಿಗೆ ರಸ್ತೆಯಲ್ಲಿ ಹೋದಷ್ಟು, ಅಷ್ಟೇ. ಕತಾರ್ ಫುಟ್‌ಬಾಲ್ ವಿಶ್ವಕಪ್‌ಗೆ 1,846 ಖಾಸಗಿ ಹಾರಾಟ. ಹವಾಮಾನ ಉಳಿಸಲು ದುಬೈನಲ್ಲಿ ಸೇರಿದ ಸಮ್ಮೇಳನಕ್ಕೂ 291. ನಗಬೇಕೋ ಅಳಬೇಕೋ.

ಮನೆಯಲ್ಲೇ ಒಂದು ಲೆಕ್ಕ ಹಾಕಿಕೊಳ್ಳಿ. ಗಲ್ಫ್‌ಸ್ಟ್ರೀಮ್ ಜಿ650 ಗಂಟೆಗೆ ಸುಮಾರು 1,700 ಲೀಟರ್ ಇಂಧನ ಕುಡಿಯುತ್ತದೆ. ನಾವು ಹತ್ತುವ ಎ320 ಸುಮಾರು 3,000 ಲೀಟರ್, ಆದರೆ ಒಳಗೆ 180 ಜನ, ತಲೆಗೆ 17 ಲೀಟರ್ ಕೂಡ ಇಲ್ಲ. ಜೆಟ್‌ನಲ್ಲಿ ನಾಲ್ಕು ಜನ ಅಂದುಕೊಂಡರೆ ತಲೆಗೆ 425. ಇನ್ನು ಸಾಹೇಬರನ್ನು ಇಳಿಸಿ ಜೆಟ್ ಖಾಲಿ ವಾಪಸ್ ಹೋಗುವುದೂ ಇದೆಯಲ್ಲ, ನಮ್ಮ ಊರಿನ ಟ್ಯಾಕ್ಸಿಯವರು ರಿಟರ್ನ್ ಚಾರ್ಜ್ ಕೇಳುತ್ತಾರಲ್ಲ, ಅದೇ. ಯುರೋಪ್ ಒಕ್ಕೂಟದ ಇಂಗಾಲ ಶುಲ್ಕದಲ್ಲಿ ವರ್ಷಕ್ಕೆ ಸಾವಿರ ಟನ್‌ಗಿಂತ ಕಮ್ಮಿ ಹೊಗೆ ಬಿಡುವ ಸ್ವಂತ ಬಳಕೆಯ ಜೆಟ್‌ಗಳಿಗೆ ವಿನಾಯಿತಿ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಊರಿಗೆ ವಿಮಾನ ಬೇಡ ಅಂತ 2023ರಲ್ಲಿ ನಿಷೇಧ ತಂದ ಫ್ರಾನ್ಸ್ ಕೂಡ ಅದನ್ನು ಏರ್‌ಲೈನ್‌ಗಳಿಗೆ ಮಾತ್ರ ಹಾಕಿತು, ಜೆಟ್‌ಗಳನ್ನು ಬಿಟ್ಟಿತು. ಟೀಕೆ ಜಾಸ್ತಿಯಾದ ಮೇಲೆ 2025ರ ಮಾರ್ಚ್‌ನಿಂದ ಬಾಡಿಗೆ ಜೆಟ್ ಪ್ರಯಾಣಿಕರಿಗೆ ತಲಾ ತೆರಿಗೆ ಏರಿಸಿದೆ, ದೂರ ಪ್ರಯಾಣಕ್ಕೆ 2,100 ಯೂರೊವರೆಗೆ. ಸುಮ್ನೆ ಹೇಳಬಾರದು, ಇದು ಒಳ್ಳೆಯ ಕೆಲಸ. ಮಾಲೀಕ ಯಾರು ಅಂತ ಹುಡುಕುವ ಗೋಜಿಗೇ ಹೋಗದೆ, ಸೀಟಿನಲ್ಲಿ ಕೂತವರ ಮೇಲೆ ಹಾಕಿದರು.

ಜೆಟ್ ಪೂರ್ತಿ ದಂಡದ ವಸ್ತು ಅಂತ ನಾನು ಹೇಳುವುದಿಲ್ಲ. ಬಳ್ಳಾರಿ ಕಡೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗಾಗಿ ಜಿಂದಾಲ್‌ನವರು ಸ್ವಂತ ರನ್‌ವೇ ಮಾಡಿಕೊಂಡರು. ಆಮೇಲೆ ಅದೇ ರನ್‌ವೇಗೆ ಉಡಾನ್ ಯೋಜನೆಯ ವಿಮಾನ ಬಂತು, ಹಂಪಿ ನೋಡಲು ಬರುವವರಿಗೂ ಅನುಕೂಲವಾಯಿತು. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು ಊರು ಅಂತ ಓಡಾಡಬೇಕಾದ ಉದ್ಯಮಿಗೆ ನೇರ ವಿಮಾನ ಇಲ್ಲದ ನಮ್ಮ ಸಣ್ಣ ನಗರಗಳಲ್ಲಿ ಬೇರೆ ದಾರಿ ಇಲ್ಲ. ರೋಗಿಗಳನ್ನು ಸಾಗಿಸುವ ಏರ್ ಆಂಬುಲೆನ್ಸ್ ಕೂಡ ಇದೇ ಜಾತಿಯ ವಿಮಾನ. ತಕರಾರು ಇರುವುದು ಬಿಲ್ ಬಗ್ಗೆ.

ಬಿಲ್ ಅಂದಾಗ ರಾಜಕೀಯದವರನ್ನು ಬಿಡಲಾಗುತ್ತದೆಯೇ? ಜೆಟ್ ಇಲ್ಲದೆಯೂ ಜೆಟ್‌ನಲ್ಲಿ ಓಡಾಡುವವರು ಅವರು. 2023ರ ಡಿಸೆಂಬರ್ ನೆನಪಿದೆಯಾ? ರಾಜ್ಯದಲ್ಲಿ ಬರ, ಮುಖ್ಯಮಂತ್ರಿ ಸಿದ್ದರಾಮಯ್ಯ ಪರಿಹಾರ ಕೇಳಲು ದಿಲ್ಲಿಗೆ ಹೋಗಿದ್ದರು. ಜೊತೆಗಿದ್ದ ಸಚಿವ ಜಮೀರ್ ಅಹ್ಮದ್ ಖಾನ್ ಐಷಾರಾಮಿ ಜೆಟ್‌ನೊಳಗಿನ ವಿಡಿಯೋ ಹಾಕಿದರು. ಬಿಜೆಪಿಯವರು ಹಿಡಿದುಕೊಂಡರು. ಸಿದ್ದರಾಮಯ್ಯ, ಪ್ರಧಾನಿ ಯಾವುದರಲ್ಲಿ ಓಡಾಡುತ್ತಾರೆ ಕೇಳಿ ಅಂತ ತಿರುಗಿ ಕೇಳಿದರು. ಎರಡು ದಿನ ಟಿವಿಯಲ್ಲಿ ಜಗಳ ನಡೆದು ತಣ್ಣಗಾಯಿತು. ಇದಕ್ಕಿಂತ ಮುಖ್ಯವಾದದ್ದು ಚುನಾವಣೆಯ ಕಾನೂನಿನೊಳಗೆ ಸದ್ದಿಲ್ಲದೆ ಕೂತಿದೆ. ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಪಕ್ಷದ ಸ್ಟಾರ್ ಪ್ರಚಾರಕರು ಪ್ರಚಾರಕ್ಕೆ ಓಡಾಡಿದ ಖರ್ಚು ಅಭ್ಯರ್ಥಿಯ ಖರ್ಚಿನ ಮಿತಿಗೆ ಸೇರುವುದಿಲ್ಲ. ಎಲ್ಲ ಪಕ್ಷಕ್ಕೂ ಇದು ಅನುಕೂಲ, ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ. ಚುನಾವಣೆ ಬಂತೆಂದರೆ ಚಾರ್ಟರ್ ಜೆಟ್, ಹೆಲಿಕಾಪ್ಟರ್‌ಗಳಿಗೆ ಹಬ್ಬ.

ಮೊನ್ನೆ ಕೆಳಗಿನ ಮನೆಯ ಓನರ್ ಅಂಕಲ್ ಒಗೆದ ಪಂಚೆ ಹಿಡಿದು ಮೇಲೆ ಬಂದಿದ್ದರು. ಅವರು ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು, ಸದ್ದು ಕೇಳಿಯೇ ಎಂಜಿನ್ ಯಾವುದು ಅನ್ನುತ್ತಾರೆ. ಒಂದು ಜೆಟ್ ತಲೆ ಮೇಲೆ ಹೋಯಿತು. "ಯಾರದಂತಪ್ಪಾ ಅದು?" ಅಂದರು. ಲ್ಯಾಪ್‌ಟಾಪ್ ನೋಡಿ ಒಂದು ಚಾರ್ಟರ್ ಕಂಪನಿಯ ಹೆಸರು ಹೇಳಿದೆ. "ಅದಲ್ಲ, ಯಾರದು?" ಅಂತ ಮತ್ತೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ನಲವತ್ತು ಪರ್ಸೆಂಟ್ ಜಿಎಸ್‌ಟಿಯ ಕುತೂಹಲಕ್ಕೆ ನೋಟ್‌ಬುಕ್‌ನಲ್ಲಿ ಒಂದು ಕಾಲಂ ಜಾಸ್ತಿ ಎಳೆದಿದ್ದೇನೆ, ಮೇಲೆ 'ಸ್ವಂತದ್ದು' ಅಂತ ಬರೆದು. ಹೊಸದಾಗಿ ಬಂದ ಜೆಟ್ ಯಾರಾದರೂ ನನ್ನದೇ, ನನಗೇ ಅಂತ ಹೇಳಿ ಪೂರ್ತಿ ತೆರಿಗೆ ಕಟ್ಟಿ ತಂದದ್ದಾದರೆ ಅಲ್ಲಿ ಬರೆಯೋಣ ಅಂತ. ಎಚ್‌ಎಎಲ್‌ಗೆ ಇಳಿಯುವವು ಕಮ್ಮಿ ಏನಿಲ್ಲ. ಆ ಕಾಲಂ ಮಾತ್ರ ಇನ್ನೂ ಖಾಲಿ ಇದೆ.